ಹೆಂಡತಿಯ ಹಲ್ಲಿಗೆ ನಾಲ್ಕನೆಯ ಕ್ಯಾಪ್

ಒಂದು ವರ್ಷದೊಳಗೆ ನನ್ನ ಹೆಂಡತಿಯ ಬಾಯಿಗೆ ಮೂರು ಕ್ಯಾಪ್ ಹೋದವು, ಮೂರೂ ವಾಪಸ್ ಬಂದವು. ಎಡಗಡೆಯ ಕೆಳಗಿನ ದವಡೆ ಹಲ್ಲು. ಅದು ತಾನಾಗಿ ಸೀಳು ಬಿಟ್ಟಿತ್ತು. ನರ ತೆಗೆಸಿ, ಉಳಿದ ಹಲ್ಲನ್ನು ಸುತ್ತಲೂ ತರಿದು ಸಣ್ಣ ಮಾಡಿ, ಅದರ ಮೇಲೆ ಹಲ್ಲಿನಾಕಾರದ ಒಂದು ಟೊಪ್ಪಿ ಕೂರಿಸಬೇಕು. ಇಷ್ಟೇ ಕೆಲಸ. ಮೂವತ್ತಾರು ವರ್ಷ ಸರ್ಕಾರಿ ಕಾರ್ಖಾನೆಯ ಟೂಲ್‌ರೂಮಿನಲ್ಲಿ ಲೋಹ ಕೆತ್ತುವ ಮಿಲ್ಲಿಂಗ್ ಮಷೀನಿನ ಮುಂದೆ ನಿಂತು ಸವೆದವನು ನಾನು. ಕೂದಲೆಳೆಗಿಂತ ಸಣ್ಣ ಹೆಚ್ಚುಕಡಿಮೆಯಾದರೂ ಜಾಬ್, ಅಂದರೆ ಕೊರೆದ ತುಂಡನ್ನೇ, ಎತ್ತಿ ಬಿಸಾಕುತ್ತಿದ್ದ ಜಾಗ ಅದು. ಈಗ ಹಲ್ಲನ್ನೂ ಕಂಪ್ಯೂಟರಿನಲ್ಲಿ ಬರೆದು, ಮಿಲ್ಲಿಂಗ್ ಮಷೀನಿನಲ್ಲೇ ಕೊರೆಯುತ್ತಾರಂತೆ. ಅಂಥ ಮಷೀನಿನಲ್ಲಿ ಹುಟ್ಟಿದ ಟೊಪ್ಪಿ ನನ್ನ ಮನೆಯವಳ ಹಲ್ಲಿಗೆ ಮೂರು ಸಲವೂ ಕೂರಲಿಲ್ಲ ಅಂದರೆ ನನಗೆ ಮೈ ಉರಿಯದೆ ಇನ್ನೇನಾಗಬೇಕು?

ಕ್ಲಿನಿಕ್ ನಮ್ಮ ಬಾಗಲಗುಂಟೆಯಲ್ಲೇ, ಬೇಕರಿಯ ಮೇಲಿನ ಮಹಡಿಯಲ್ಲಿ. ಡಾಕ್ಟರಮ್ಮನಿಗೆ ಮೂವತ್ತು ದಾಟಿರಲಾರದು. ಮೊದಲ ದಿನವೇ ನನ್ನನ್ನು ಅಂಕಲ್ ಮಾಡಿಬಿಟ್ಟಳು. ಹಿಂದೆಲ್ಲ ಹಲ್ಲಿನ ಅಚ್ಚು ತೆಗೆಯಲು ಬಾಯಿ ತುಂಬ ಹಿಟ್ಟಿನಂಥದ್ದು ತುಂಬಿ ಓಕರಿಕೆ ಬರಿಸುತ್ತಿದ್ದರು. ಈಗ ದಪ್ಪ ಪೆನ್ನಿನಂಥ ಒಂದು ಕ್ಯಾಮೆರಾವನ್ನು ಬಾಯೊಳಗೆ ಆಡಿಸುತ್ತಾರೆ, ಪಕ್ಕದ ಪರದೆಯ ಮೇಲೆ ಹಲ್ಲುಗಳು ಒಂದೊಂದಾಗಿ ಮೂಡುತ್ತವೆ. ಮೇಲಿನ ಸಾಲು ಆಯಿತು, ಕೆಳಗಿನ ಸಾಲು ಆಯಿತು. ಕೊನೆಗೆ ಎರಡೂ ಸಾಲು ಒಂದರ ಮೇಲೊಂದು ಹೇಗೆ ಕೂರುತ್ತವೆ ಅನ್ನುವುದನ್ನು ಹಿಡಿಯಬೇಕು.

"ಆಂಟಿ, ಈಗ ಹಲ್ಲು ಕಚ್ಚಿ. ಆರಾಮಾಗಿ ಕಚ್ಚಿ" ಅಂದಳು ಡಾಕ್ಟರಮ್ಮ.

"ಸರಿಯಾಗಿ ಕಚ್ಚೇ" ಅಂದೆ ನಾನು. ಕುರ್ಚಿಯ ಪಕ್ಕದಲ್ಲೇ ನಿಂತಿದ್ದೆ. ನನ್ನ ಹೆಂಡತಿ ಮೊದಲಿನಿಂದಲೂ ಹಾಗೆ, ಯಾರಾದರೂ ಹೇಳದಿದ್ದರೆ ಯಾವುದನ್ನೂ ನೆಟ್ಟಗೆ ಮಾಡುವುದಿಲ್ಲ ಅನ್ನುವುದು ನನ್ನ ಎಣಿಕೆ.

ಆ ಪರದೆಯ ಮೇಲಿದ್ದದ್ದು ಫೋನಿನಲ್ಲಿ ಫೋಟೋ ಕಳಿಸಿದ ಹಾಗೆ ಪೀಣ್ಯದ ಒಂದು ಲ್ಯಾಬಿಗೆ ಹೋಯಿತು. ಅಲ್ಲಿ ಬಿಳಿ ಬಿಲ್ಲೆಯೊಂದರಲ್ಲಿ ಟೊಪ್ಪಿ ಕೊರೆದು, ಕುಲುಮೆಯಲ್ಲಿ ಸುಟ್ಟು ಗಟ್ಟಿ ಮಾಡಿ ಕಳಿಸಿದರು. ಡಾಕ್ಟರಮ್ಮ ಅದನ್ನು ಕೂರಿಸಿ, ನೀಲಿ ಕಾಗದದ ಚೂರನ್ನು ಹಲ್ಲುಗಳ ನಡುವೆ ಇಟ್ಟು ಕಚ್ಚಿಸಿದಳು. ಎಲ್ಲಿ ಮೊದಲು ತಾಗುತ್ತದೋ ಅಲ್ಲಿ ನೀಲಿ ಗುರುತು ಬೀಳುತ್ತದೆ. ನಾವು ಎರಡು ಲೋಹದ ಮೈಗಳು ಕೂರುತ್ತವೋ ಇಲ್ಲವೋ ನೋಡಲು ಮಾರ್ಕಿಂಗ್ ಬ್ಲೂ ಸವರುತ್ತಿದ್ದದ್ದೂ ಇದಕ್ಕೇ. ಗುರುತು ಎಲ್ಲ ಕಡೆ ಸಮನಾಗಿ ಬಿದ್ದಿತ್ತು. ನಾನೇ ಬಗ್ಗಿ ನೋಡಿದೆ. ಪರವಾಗಿಲ್ಲ ಅನ್ನಿಸಿತು.

ಮನೆಗೆ ಬಂದು ನಾನು ಊಟ ಮಾಡಿ ಎದ್ದೆ. ಅವಳು ಊಟ ಮಾಡುವುದು ನಾನು ಎದ್ದ ಮೇಲೆ, ಅಡುಗೆಮನೆಯಲ್ಲಿ, ಒಬ್ಬಳೇ ಕೂತು. ಮದುವೆಯಾದಾಗಿನಿಂದ ನಡೆದುಬಂದಿದ್ದೇ ಹಾಗೆ. ಸ್ವಲ್ಪ ಹೊತ್ತಿಗೆ ಕೆನ್ನೆ ಹಿಡಿದುಕೊಂಡು ಬಾಗಿಲಿಗೆ ಬಂದಳು.

"ಏನೋ ಎತ್ತರ ಇದ್ದ ಹಾಗಿದೆ ರೀ. ಅದೊಂದೇ ಮೊದಲು ತಾಗುತ್ತೆ."

ಮರುದಿನ ಕ್ಲಿನಿಕ್. ಮತ್ತೆ ನೀಲಿ ಕಾಗದ. ನಾನು ಪಕ್ಕದಲ್ಲಿ ನಿಂತು, "ತೋರಿಸು, ಎಲ್ಲಿ ಅಂತ ಬಾಯ್ಬಿಟ್ಟು ಹೇಳು" ಅಂದೆ. ಗುರುತು ಎಲ್ಲ ಕಡೆ ಸಮ. ಡಾಕ್ಟರಮ್ಮ ಹುಬ್ಬು ಗಂಟಿಕ್ಕಿದಳು. "ಇಲ್ಲಿ ಎತ್ತರ ಏನೂ ಕಾಣ್ತಿಲ್ವಲ್ಲ ಆಂಟಿ. ಎಲ್ಲಾ ಡಿಜಿಟಲ್ಲು, ತಪ್ಪಾಗೋ ಚಾನ್ಸೇ ಇಲ್ಲ. ಎರಡು ದಿನದಲ್ಲಿ ಅಭ್ಯಾಸ ಆಗುತ್ತೆ."

ಅಭ್ಯಾಸ ಆಗುತ್ತಂತೆ! ಹೊಸ ಚಪ್ಪಲಿಯೇ ಇದು? ಕಾರ್ಖಾನೆಯಲ್ಲಿ ನಾನು ಸೈಜಿಲ್ಲದ ಜಾಬ್ ಕೊಟ್ಟು, ಅಭ್ಯಾಸ ಮಾಡಿಕೊಳ್ಳಿ ಸಾರ್ ಅಂದಿದ್ದರೆ ಇನ್ಸ್‌ಪೆಕ್ಷನ್‌ನವರು ನನ್ನನ್ನು ಗೇಟಿನಾಚೆ ಬಿಟ್ಟು ಬರುತ್ತಿದ್ದರು. ನನ್ನ ಕೂಗಾಟಕ್ಕೆ ಡಾಕ್ಟರಮ್ಮ ಅಲ್ಲಿ ಇಲ್ಲಿ ಒಂಚೂರು ತೇಯ್ದಳು. ಮನೆಗೆ ಬಂದರೆ ಮತ್ತೆ ಎತ್ತರ. ಮತ್ತೆ ತೇಯ್ದಳು. ತೇಯ್ದು ತೇಯ್ದು ತೆಳುವಾಗಿ, ಒಂದು ಬೆಳಗ್ಗೆ ಇಡ್ಲಿ ತಿನ್ನುವಾಗ ಟೊಪ್ಪಿ ಎರಡು ಹೋಳಾಯಿತು. ಇಡ್ಲಿಗೆ ಸ್ವಾಮಿ, ಇಡ್ಲಿಗೆ!

ಎರಡನೆಯ ಟೊಪ್ಪಿಗೆ ಹೊಸದಾಗಿ ಸ್ಕ್ಯಾನ್ ಮಾಡಿದರು. ಅದೂ ಅದೇ ಕತೆ. ಕ್ಲಿನಿಕ್ಕಿನಲ್ಲಿ ಸರಿ, ಮನೆಯಲ್ಲಿ ಎತ್ತರ. ಆಗ ನನಗೆ ತಲೆ ಕೆಟ್ಟು, ಈಗ ನೆನೆಸಿಕೊಂಡರೆ ನಾಚಿಕೆಯಾಗುವ ಒಂದು ಕೆಲಸ ಮಾಡಿದೆ. ಅಟ್ಟದ ಮೇಲಿನ ನನ್ನ ಟ್ರಂಕಿನಲ್ಲಿ ಹಳೆಯ ಮಾರ್ಕಿಂಗ್ ಬ್ಲೂ ಡಬ್ಬಿಯೊಂದಿತ್ತು. ಡಾಕ್ಟರಮ್ಮನ ಕಾಗದದ ಚೂರನ್ನು ನಂಬಬೇಡ, ನಾನೇ ನೋಡುತ್ತೇನೆ ಬಾ ಅಂತ ಹೆಂಡತಿಯನ್ನು ಕಿಟಕಿಯ ಬೆಳಕಿಗೆ ಕೂರಿಸಿದೆ.

"ಬೇಡ ರೀ" ಅಂದಳು.

"ಸುಮ್ನೆ ಬಾಯಿ ತೆಗಿ."

ತೆಗೆದಳು. ಕಿರುಬೆರಳಿನ ತುದಿಯಲ್ಲಿ ನೀಲಿ ಸವರಿದೆ. ಆ ಬಣ್ಣ ಲೋಹದ ಮೇಲೆ ಹೇಗೆ ಇರುತ್ತದೆ ಅನ್ನುವುದು ಮಾತ್ರ ನನಗೆ ಗೊತ್ತಿತ್ತು, ಎಂಜಲಿನಲ್ಲಿ ಹೇಗೆ ಹರಡುತ್ತದೆ ಅನ್ನುವುದು ಗೊತ್ತಿರಲಿಲ್ಲ. ನಾಲಿಗೆ, ವಸಡು, ತುಟಿ, ಗಲ್ಲ ಎಲ್ಲ ನೀಲಿ. ಕೊಬ್ಬರಿ ಎಣ್ಣೆ, ಕಡಲೆಹಿಟ್ಟು, ಯಾವುದಕ್ಕೂ ಜಗ್ಗಲಿಲ್ಲ. ಮರುದಿನ ಅವಳ ತಂಗಿಯ ಮನೆಯ ಗೃಹಪ್ರವೇಶ. ಸೆರಗಿನಿಂದ ಬಾಯಿ ಮುಚ್ಚಿಕೊಂಡೇ ಪೂಜೆಗೆ ಕೂತಳು. ಕೇಳಿದವರಿಗೆಲ್ಲ ನೇರಳೆಹಣ್ಣು ತಿಂದೆ ಅಂದಳಂತೆ. ಅದು ನೇರಳೆಹಣ್ಣಿನ ಕಾಲವೂ ಅಲ್ಲ. ನನಗೆ ಒಂದು ಮಾತೂ ಅನ್ನಲಿಲ್ಲ, ಅದನ್ನು ನಾನು ಅವಳ ಒಳ್ಳೆಯತನದ ಲೆಕ್ಕಕ್ಕೆ ಹಾಕಿಕೊಂಡೆ.

ಮೂರನೆಯದೂ ಹೊರಬಂದ ದಿನ ಡಾಕ್ಟರಮ್ಮ ಎಕ್ಸ್‌ರೇ ತೋರಿಸಿದಳು. ಅವಳ ದನಿಯೂ ಇಳಿದಿತ್ತು.

"ಅಂಕಲ್, ಪ್ರತಿ ಸಲ ಕ್ಯಾಪ್ ಕಟ್ ಮಾಡಿ ತೆಗೆಯೋವಾಗ ಒಳಗಿನ ಹಲ್ಲೂ ಸ್ವಲ್ಪ ಹೋಗುತ್ತೆ. ಉಳಿದಿರೋದು ಇಷ್ಟೇ. ಇನ್ನೊಂದು ಸಲ ಹಾಕ್ಬಹುದು. ಅದೂ ಆಗ್ಲಿಲ್ಲ ಅಂದ್ರೆ ಹಲ್ಲು ಕೀಳ್ಲೇಬೇಕು."

ಹೆಂಡತಿ ತಲೆ ತಗ್ಗಿಸಿಕೊಂಡು ಕೂತಿದ್ದಳು. ಬಲಗಡೆ ಅವಳಿಗೆ ಮೊದಲೇ ಎರಡು ದವಡೆ ಹಲ್ಲಿಲ್ಲ. ಎಡಗಡೆಯ ಇದೂ ಹೋದರೆ ಅಗಿಯುವುದೆಲ್ಲಿ? ವರ್ಷದಿಂದ ಮೆತ್ತಗೆ ಕಲಸಿದ ಅನ್ನ, ಸಾರು. ರವಿಕೆಗಳೆಲ್ಲ ಸಡಿಲವಾಗಿದ್ದವು. ಕೋಡುಬಳೆ ಅಂದರೆ ಅವಳಿಗೆ ಪ್ರಾಣ, ಅವಳ ಕೈಯ ಕೋಡುಬಳೆ ಅಂದರೆ ನಮ್ಮ ಬೀದಿಗೇ ಪ್ರಾಣ. ಈ ವರ್ಷವೂ ಹಬ್ಬಕ್ಕೆ ಕರಿದಳು, ಡಬ್ಬಿ ತುಂಬಿದಳು, ಒಂದನ್ನೂ ಬಾಯಿಗಿಡಲಿಲ್ಲ. ನಾನು ಕಟುಂ ಕಟುಂ ಅಂತ ತಿನ್ನುವಾಗ ಎದ್ದು ಒಳಗೆ ಹೋಗುತ್ತಿದ್ದಳು.

"ನಿಮ್ಮ ಮಷೀನಿನದೇ ತಪ್ಪು" ಅಂದೆ ಡಾಕ್ಟರಮ್ಮನಿಗೆ. "ಕೇಳಿ ಇಲ್ಲಿ. ತೆಳು ರಿಂಗ್ ಒಂದನ್ನು ಲೇತಿನ ಚಕ್‌ನಲ್ಲಿ ಕಚ್ಚಿಸಿ ಜಾಸ್ತಿ ಬಿಗಿ ಹಿಡಿದರೆ ಅದು ಒಳಗೊಳಗೇ ಸೊಟ್ಟಗಾಗಿರುತ್ತೆ. ಹಾಗೇ ಕೊರೆದು, ಹಿಡಿದಲ್ಲೇ ಅಳತೆ ಮಾಡಿದರೆ ಗುಂಡಗಿದೆ, ಕರೆಕ್ಟಾಗಿದೆ. ಬಿಚ್ಚಿದ ತಕ್ಷಣ ತನ್ನ ಆಕಾರಕ್ಕೆ ತಾನು ಹೋಗುತ್ತೆ, ಅಳತೆ ತಪ್ಪುತ್ತೆ. ಇಲ್ಲಿ ಸರಿ, ಮನೇಲಿ ತಪ್ಪು ಅಂದರೆ ಇದೇ ರೋಗ. ಎಲ್ಲೋ ಯಾರೋ ಜಾಸ್ತಿ ಬಿಗಿ ಹಿಡೀತಿದ್ದಾರೆ. ನಾನು ಆ ಲ್ಯಾಬಿಗೇ ಹೋಗಿ ನೋಡ್ತೀನಿ."

"ಹೋಗಿ ಅಂಕಲ್" ಅಂದಳು. ಪೀಡೆ ತೊಲಗಿದರೆ ಸಾಕು ಅನ್ನುವ ಹಾಗಿತ್ತು ಮುಖ.

ಕೂದಲೆಳೆಯನ್ನೂ ಅಳೆಯುವ ನನ್ನ ಡಯಲ್ ಗೇಜು, ಮೈಕ್ರೋಮೀಟರು ಎರಡನ್ನೂ ಹಳೆಯ ಪಂಚೆಯ ತುಂಡಿನಲ್ಲಿ ಸುತ್ತಿ ಚೀಲಕ್ಕೆ ಹಾಕಿಕೊಂಡು ಹೊರಟೆ. ಲ್ಯಾಬ್ ಇದ್ದದ್ದು ತಗಡು ಒತ್ತುವ ಪವರ್ ಪ್ರೆಸ್‌ಗಳ ಒಂದು ಶೆಡ್ಡಿನ ಪಕ್ಕದಲ್ಲಿ. ಧಡ್, ಧಡ್ ಅಂತ ಪ್ರೆಸ್ ಬೀಳುವ ಸದ್ದಿಗೆ ನೆಲವೇ ಅದುರುತ್ತಿತ್ತು. ನನಗೆ ಒಳಗೊಳಗೇ ಖುಷಿಯಾಯಿತು. ಸಿಕ್ಕಿಬಿದ್ದಿರಿ ಮಕ್ಕಳೇ, ಈ ಅದುರಾಟದಲ್ಲಿ ಹಲ್ಲು ಕೊರೆಯುತ್ತೀರಾ ಅಂದುಕೊಂಡೆ.

ಒಳಗೆ ಏಸಿ ಕೋಣೆಯಲ್ಲಿ ಕಂಪ್ಯೂಟರ್ ಮುಂದೆ ಕೂತಿದ್ದವರು ನಲವತ್ತೈದರ ಒಬ್ಬ ಹೆಂಗಸು. ಹಲ್ಲುಗಳ ವಿನ್ಯಾಸ ಮಾಡುವವರು ಅವರೇ. ಗದಗದ ಕಡೆಯವರು, ರಾಜಗೋಪಾಲನಗರದಲ್ಲಿ ಬಾಡಿಗೆ ಮನೆ. ನಾನು ಜಗಳಕ್ಕೆ ಬಂದವನು ಅಂತ ಗೊತ್ತಾದ ಮೇಲೂ "ಬರ್ರಿ ಸರ್, ಕುಂದರ್ರಿ, ಚಾ ತರಸ್ತೀನಿ" ಅಂದರು. ಜಗಳವಾಡುವವನಿಗೆ ಇದರಷ್ಟು ಕಷ್ಟದ ವಿಷಯ ಇನ್ನೊಂದಿಲ್ಲ.

ಮಷೀನು ಫ್ರಿಜ್ಜಿನಷ್ಟಿತ್ತು. ಗಾಜಿನ ಬಾಗಿಲೊಳಗೆ ಬಿಳಿ ಬಿಲ್ಲೆ ಅತ್ತ ಇತ್ತ ವಾಲುತ್ತಿತ್ತು, ಬೆಂಕಿಕಡ್ಡಿಗಿಂತ ಸಣ್ಣ ಕಟರು ಅದನ್ನು ಕೆತ್ತುತ್ತಿತ್ತು. ನಾನು ಒಂದು ಲೋಟ ನೀರು ಕೇಳಿ, ಮಷೀನಿನ ತಲೆಯ ಮೇಲಿಟ್ಟು ಕಣ್ಣು ಕಿರಿದು ಮಾಡಿ ನೋಡಿದೆ. ಪಕ್ಕದ ಶೆಡ್ಡಿನಲ್ಲಿ ಧಡ್ ಅಂತ ಪ್ರೆಸ್ ಬಿತ್ತು. ನೀರು ಅಲುಗಲಿಲ್ಲ.

"ಕೆಳಗ ರಬ್ಬರ್ ಪ್ಯಾಡ್ ಅದಾವ್ರಿ ಸರ್" ಅಂದರು ಆ ಹೆಂಗಸು. ನಗು ತಡೆದುಕೊಂಡಿದ್ದು ಕಾಣಿಸುತ್ತಿತ್ತು.

ಬಿಲ್ಲೆ ಹಿಡಿಯುವ ಕ್ಲಾಂಪ್ ನೋಡಿದೆ. ಅದನ್ನು ಇಷ್ಟೇ ಬಿಗಿ ಮಾಡಬೇಕು ಅಂತ ಲೆಕ್ಕದ ಪಾನಾ ಇಟ್ಟಿದ್ದರು. ಕಟರ್ ಸವೆದಿದೆಯೇ ಅಂದೆ. ಯಾವ ಕಟರ್ ಎಷ್ಟು ಗಂಟೆ ಓಡಿದೆ ಅಂತ ಮಷೀನೇ ಹೇಳಿತು. ಅವರು ವಾರಕ್ಕೊಮ್ಮೆ ಕೊರೆದು ನೋಡುವ ಅಳತೆಯ ತುಂಡನ್ನು ಕೈಗಿಟ್ಟರು. ಮೈಕ್ರೋಮೀಟರಿನ ಬಾಯಿಗೆ ಹಿಡಿದೆ. ಸರಿಯಾಗಿತ್ತು. ತಿರುಗಿಸಿ ಇನ್ನೊಂದು ಕಡೆ ಹಿಡಿದೆ. ಅಲ್ಲೂ ಸರಿಯಾಗಿತ್ತು. ಎಂಥ ಮಷೀನು ಮಾರಾಯರೇ! ನಾನು ಅರ್ಧ ಆಯುಷ್ಯ ಖರ್ಚು ಮಾಡಿ ಕಲಿತದ್ದನ್ನು ಅದು ಗಾಜಿನೊಳಗೆ ಕೂತು ಮಾಡುತ್ತಿತ್ತು. ಹೊಟ್ಟೆಕಿಚ್ಚಾಯಿತು. ತಪ್ಪು ಸಿಗಲಿಲ್ಲವಲ್ಲ ಅಂತ ಅದಕ್ಕಿಂತ ಜಾಸ್ತಿ ಸಿಟ್ಟು ಬಂತು.

ಚಹಾ ಬಂತು. ಆ ಹೆಂಗಸು ಮೊದಲು ಮೇಣದಲ್ಲಿ ಕೈಯಿಂದಲೇ ಹಲ್ಲು ತಿದ್ದುತ್ತಿದ್ದವರಂತೆ. "ಒಂದ ಹಲ್ಲಿಗೆ ಅರ್ಧ ದಿನ ಹಿಡೀತಿತ್ರಿ. ಆಮ್ಯಾಲೆ ಕಂಪ್ಯೂಟರ್ ಬಂತು, ಕಲತ್ನಿ. ಈಗ ಹಲ್ಲಿನ ಆಕಾರಾನೂ ಅದ ಬರೀತೈತಿ, ನಾ ಬರೇ ಹೂಂ ಅಂತೀನಿ. ಮುಂದ ಡಾಕ್ಟರ್ ಬಾಜೂಕ ಮಷೀನ್ ಇಟ್ಕೊಂಡು ತಾಸಿನಾಗ ಹಲ್ಲು ಕೊಡ್ತಾರಂತ. ಆವಾಗ ಈ ಕುರ್ಚಿನೂ ಇರಂಗಿಲ್ಲ."

"ಹಾಗಾದರೆ ಆಗ ತಪ್ಪಾದರೆ ಯಾರನ್ನ ಕೇಳೋದಮ್ಮ?" ಅಂದೆ. ನನಗೆ ನಿಜವಾಗಿ ಕಾಡುತ್ತಿದ್ದದ್ದು ಅದೇ. ಈಗಲೇ ಎಲ್ಲರೂ ಪರದೆಯ ಕಡೆ ಕೈ ತೋರಿಸುತ್ತಾರೆ. ಮುಂದೆ ಬಯ್ಯುವುದಕ್ಕೂ ಒಂದು ಮುಖ ಸಿಗುವುದಿಲ್ಲ.

ಅವರು ಕಂಪ್ಯೂಟರಿನ ಕಡೆ ತಿರುಗಿ ನನ್ನ ಹೆಂಡತಿಯ ಮೂರು ಸ್ಕ್ಯಾನ್‌ಗಳನ್ನು ತೆರೆದರು. ಮೂರಕ್ಕೂ ಒಂದೊಂದು ಬಣ್ಣ ಕೊಟ್ಟು ಒಂದರ ಮೇಲೊಂದು ಇಟ್ಟರು. ಹಲ್ಲುಗಳು ಒಂದೇ. ಆದರೆ ಕೆಳದವಡೆ ಮಾತ್ರ ಮೂರು ಕಡೆ ಇತ್ತು.

"ನೋಡ್ರಿ ಸರ್. ಆರಾಮ ಇದ್ದವ್ರು ಹತ್ತ ಸಲ ಕಚ್ಚಿದ್ರೂ ದವಡಿ ಒಂದ ಜಾಗಕ್ಕ ಬಂದು ಕುಂದರ್ತೈತಿ. ಅಮ್ಮಾರದು ಮೂರೂ ಸಲ ಮುಂದ ಬಂದು ಬಿಗಿ ಹಿಡದೈತಿ, ಒಂದೊಂದ ಸಲ ಒಂದೊಂದಷ್ಟು. ನಾವು ಆ ಬಿಗಿ ಹಿಡದ ಬಾಯಿಗೆ ಹಲ್ಲು ಮಾಡೇವಿ. ಮನಿಯಾಗ ದವಡಿ ಸಡ್ಲ ಬಿಟ್ಟಾಗ ಅದು ಎತ್ತರ ಆಗ್ತೈತಿ." ಪರದೆಯನ್ನು ಹತ್ತಿರ ತಂದು ಉಳಿದ ಹಲ್ಲುಗಳನ್ನು ತೋರಿಸಿದರು. ತುದಿಗಳೆಲ್ಲ ಚಪ್ಪಟೆಯಾಗಿದ್ದವು. "ಇವ್ರು ಭಾಳ ವರ್ಷದಿಂದ ಹಲ್ಲು ಕಚ್ಚಿ ಹಿಡೀತಾರ್ರಿ. ಆ ಹಲ್ಲು ಸೀಳಿದ್ದೂ ಅದಕ್ಕ ಇರಬೇಕು."

"ನನ್ನ ಹೆಂಡತಿಯೇ? ಛೆ, ಅವಳಿಗೆ ಸಿಟ್ಟೇ ಬರೋದಿಲ್ಲಮ್ಮ."

"ಸಿಟ್ಟ ಹೊರಗ ಹಾಕೋರು ಬಾಯಿ ಮಾಡ್ತಾರ್ರಿ ಸರ್, ಅವ್ರು ಹಲ್ಲು ಕಚ್ಚಂಗಿಲ್ಲ" ಅಂದರು. ಆಮೇಲೆ ಕೇಳಿದರು, "ಸ್ಕ್ಯಾನ್ ಮಾಡೂ ಮುಂದ ಅಮ್ಮಾರ ಬಾಜೂಕ ಯಾರಿದ್ರಿ?"

"ನಾನೇ, ಮೂರು ಸಲಾನೂ. ನಾನಿಲ್ಲದಿದ್ದರೆ ಅವಳು ನೆಟ್ಟಗೆ ಕಚ್ಚೋದೇ ಇಲ್ಲ."

ಅವರು ಫೋನ್ ಕೈಗೆತ್ತಿಕೊಂಡು, ಡಾಕ್ಟರಮ್ಮನಿಗೆ ತಾವೇ ಫೋನ್ ಮಾಡಿ ಮಾತಾಡುವುದಾಗಿ ಹೇಳಿದರು. ನಾನು ಲೋಟ ಇಟ್ಟು, ಚೀಲ ಎತ್ತಿಕೊಂಡು ಮನೆಗೆ ಬಂದೆ. ದಾರಿಯುದ್ದಕ್ಕೂ ಒಂದೇ ಯೋಚನೆ: ಒಂದು ಹಲ್ಲು ಕಚ್ಚುವುದಕ್ಕೂ ಬರುವುದಿಲ್ಲವಲ್ಲ ಇವಳಿಗೆ!

ನಾಲ್ಕನೆಯ ಸ್ಕ್ಯಾನಿನ ದಿನ ನಾನು ಯಥಾಪ್ರಕಾರ ಒಳಗೆ ನುಗ್ಗಿದೆ. ಡಾಕ್ಟರಮ್ಮ ಅಡ್ಡ ನಿಂತಳು.

"ಅಂಕಲ್, ನೀವು ಹೊರಗಡೆ ಇರಿ."

"ಯಾಕೆ? ನಾನಿದ್ದರೆ ನಿಮ್ಮ ಕ್ಯಾಮೆರಾ ಹೆದರುತ್ತಾ?"

"ಪ್ಲೀಸ್ ಅಂಕಲ್. ಇದು ಲಾಸ್ಟ್ ಚಾನ್ಸ್."

ಹೊರಗೆ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು ಕುದಿಯುತ್ತಿದ್ದೆ. ನಡುವೆ ಇದ್ದದ್ದು ತೆಳು ಪ್ಲೈವುಡ್ ಗೋಡೆ, ಒಳಗಿನದೆಲ್ಲ ಕೇಳುತ್ತಿತ್ತು. ಸ್ವಲ್ಪ ಹೊತ್ತು ಯಂತ್ರದ ಸದ್ದಿಲ್ಲ, ಬರೀ ಮಾತು. ಡಾಕ್ಟರಮ್ಮ ಕೋಡುಬಳೆಗೆ ಎಷ್ಟು ಅಕ್ಕಿಹಿಟ್ಟು, ಎಷ್ಟು ಚಿರೋಟಿ ರವೆ ಅಂತ ಕೇಳುತ್ತಿದ್ದಳು. ನನ್ನ ಹೆಂಡತಿ ಹೇಳುತ್ತಿದ್ದಳು. ಒಂದು ಮಾತು, ಎರಡು ಮಾತು ಅಲ್ಲ, ಹೇಳುತ್ತಲೇ ಇದ್ದಳು. ಕಾಯಿಸಿದ ಎಣ್ಣೆಯನ್ನು ಹಿಟ್ಟಿಗೆ ಹಾಕಿದಾಗ ಚೊಂಯ್ ಅನ್ನಬೇಕು ಕಣಮ್ಮ ಅಂದಳು. ಆಮೇಲೆ ನಕ್ಕಳು. ಆ ನಗು ಯಾರದು ಅಂತ ನಾನು ಒಂದು ಕ್ಷಣ ಕತ್ತೆತ್ತಿ ನೋಡಿದೆ. ಅಲ್ಲಿ ಬೇರೆ ಯಾವ ಪೇಷಂಟೂ ಇರಲಿಲ್ಲ.

ವಾರದ ಮೇಲೆ ಟೊಪ್ಪಿ ಬಂತು. ಆ ದಿನವೂ ನನ್ನನ್ನು ಹೊರಗೇ ಕೂರಿಸಿದರು. ತೇಯುವ ಸದ್ದು ಒಂದು ಸಲವೂ ಕೇಳಲಿಲ್ಲ. ಹತ್ತೇ ನಿಮಿಷಕ್ಕೆ ಅವಳು ಹೊರಗೆ ಬಂದಳು, ಕೆನ್ನೆ ಮೇಲೆ ಕೈಯಿರಲಿಲ್ಲ. ಒಂದು ದಿನ ಕಳೆಯಿತು, ನಾಲ್ಕು ದಿನ ಕಳೆಯಿತು, ಎತ್ತರ ಅನ್ನುವ ಮಾತಿಲ್ಲ. ಹಲ್ಲು ಉಳಿಯಿತು.

ನನಗೆ ತಡೆಯಲಾಗಲಿಲ್ಲ. ಸಂಜೆ ಕಾಫಿ ಕುಡಿಯುತ್ತ ಜಂಭ ಕೊಚ್ಚಿಕೊಂಡೆ. "ನೋಡಿದೆಯಾ? ನಾನು ಪೀಣ್ಯಕ್ಕೆ ಹೋಗಿ ಬಿಸಿ ಮುಟ್ಟಿಸಿದ ಮೇಲೆ ಹೇಗೆ ದಾರಿಗೆ ಬಂದರು! ನಾನಿಲ್ಲದಿದ್ದರೆ ನಿನ್ನ ಹಲ್ಲು ಇವತ್ತು ಡಬ್ಬಿಯಲ್ಲಿರುತ್ತಿತ್ತು."

ಅವಳು ಕಾಫಿ ಲೋಟ ತೆಗೆದುಕೊಂಡು ಹೋಗುತ್ತಿದ್ದವಳು ನಿಂತಳು.

"ನೀವಿಲ್ಲದಿದ್ದಕ್ಕೇ ಸರಿಹೋಗಿದ್ದು ರೀ."

"ಅಂದರೆ?"

"ನೀವು ಪಕ್ಕದಲ್ಲಿ ಬಂದು ನಿಂತ್ರೆ ನನ್ನ ಹಲ್ಲು ತಾನಾಗೇ ಕಚ್ಕೊಳ್ಳುತ್ತೆ. ಬಿಡ್ಬೇಕು ಅಂದ್ರೂ ಬಿಡಲ್ಲ. ಮೊದಲಿಂದಾನೂ ಹಾಗೇ." ಸಾರಿಗೆ ಉಪ್ಪು ಸ್ವಲ್ಪ ಮುಂದಾಗಿದೆ ಅನ್ನುವ ದನಿಯಲ್ಲೇ ಹೇಳಿದಳು. ಸಿಟ್ಟಿರಲಿಲ್ಲ. ಲೋಟ ತೊಳೆಯಲು ಒಳಗೆ ಹೋದಳು.

ಎಲ್ಲೋ ಯಾರೋ ಜಾಸ್ತಿ ಬಿಗಿ ಹಿಡೀತಿದ್ದಾರೆ ಅಂತ ಡಾಕ್ಟರಮ್ಮನ ಮುಂದೆ ನಾನೇ ಹೇಳಿದ್ದೆ. ಮೂವತ್ತಾರು ವರ್ಷ ಎಷ್ಟೋ ಜನಕ್ಕೆ ಪಾಠ ಹೇಳಿದವನು. ನನಗೆ ರೇಗಿತು. ಮೊದಲು ಅವಳ ಮೇಲೆ, ಆಮೇಲೆ ಡಾಕ್ಟರಮ್ಮನ ಮೇಲೆ, ಗದಗದ ಹೆಂಗಸಿನ ಮೇಲೆ, ಕೊನೆಗೆ ರೇಗಲು ಯಾರೂ ಉಳಿಯಲಿಲ್ಲ. ಆ ಪರದೆಯ ಮೇಲಿನ ಮೂರು ಬಣ್ಣ ಕಣ್ಣ ಮುಂದಿನಿಂದ ಹೋಗಲೇ ಇಲ್ಲ. ಮುಂದೆ ಬರುವ ಮಷೀನುಗಳು ಇನ್ನೂ ಏನೇನು ಕಂಡುಹಿಡಿಯುತ್ತವೋ ದೇವರಿಗೇ ಗೊತ್ತು, ಈಗಿನದಕ್ಕೇ ನನಗೆ ಸಾಕಾಯಿತು.

ಮೊನ್ನೆ ಮಧ್ಯಾಹ್ನ ಅವಳು ಕೋಡುಬಳೆ ಕರಿದಳು. ನಾನು ನನ್ನ ಪಾಲಿನದು ತಿಂದು, ಪೇಪರ್ ಹಿಡಿದು ಗೇಟಿನ ಹತ್ತಿರ ಕುರ್ಚಿ ಹಾಕಿಕೊಂಡಿದ್ದೆ. ಅಡುಗೆಮನೆಯ ಕಿಟಕಿಯಿಂದ ಸದ್ದು ಬಂತು. ಕಟುಂ. ಸ್ವಲ್ಪ ಬಿಟ್ಟು ಮತ್ತೆ ಕಟುಂ. ವರ್ಷದ ಮೇಲೆ ಕೇಳಿದ ಸದ್ದು ಅದು. ಅವಳ ಎದುರು ಕೂತುಕೊಳ್ಳಬೇಕು, ಒಂದು ಮಾತು ಹೇಳಬೇಕು ಅನ್ನಿಸಿತು. ಏನು ಅಂತ ಗೊತ್ತಿರಲಿಲ್ಲ. ಪೇಪರ್ ಮಡಿಸಿಟ್ಟು, ಚಪ್ಪಲಿ ಬಿಟ್ಟು, ಮೆಲ್ಲಗೆ ಹೊಸ್ತಿಲು ದಾಟಿ ಒಳಗೆ ಕಾಲಿಟ್ಟೆ.

ಸದ್ದು ನಿಂತಿತು.

ನಾನು ಅಲ್ಲೇ ನಿಂತೆ. ಒಳಗಿನಿಂದ "ಏನು ಬೇಕಿತ್ತು ರೀ?" ಅಂತ ಕೇಳಿದಳು. ಏನಿಲ್ಲ, ನೀನು ತಿನ್ನು ಅಂದೆ. ಹೊರಗೆ ಬಂದು ಕುರ್ಚಿಯಲ್ಲಿ ಕೂತು, ಓದಿದ ಪೇಪರನ್ನೇ ಮತ್ತೆ ಬಿಡಿಸಿಕೊಂಡೆ. ಕಿಟಕಿಯ ಕಡೆ ಕಿವಿಯಿಟ್ಟು ಕಾದೆ. ಆ ಸದ್ದು ಮತ್ತೆ ಶುರುವಾಗಲು ತುಂಬ ಹೊತ್ತು ಹಿಡಿಯಿತು.